ಚದುರಿದ ಮಾತಿಗೊಂದು ಅಂಕಿತ

ವಿಜಯಪುರದ ಪಡುವಣಕ್ಕಿರುವ ತಿಕೋಟಾ ಸೀಮೆಯ ಘೋಣಸಗಿಯಂಥ ಊರುಗಳಲ್ಲಿ, ದ್ರಾಕ್ಷಿಬಳ್ಳಿಯನ್ನು ಸವರುವ ಅಕ್ಟೋಬರ್ ಚಾಟ್ನಿ ಮುಗಿದು ಹೊಸ ಚಿಗುರು ಹೊರಟಿರುವ ಹೊತ್ತಿಗೆ ಅಕಾಲದ ಮೋಡ ಕವಿದರೆ, ಬೆಳೆಗಾರನು ನಸುಕಿನಲ್ಲೆದ್ದು ತೋಟಕ್ಕೆ ಹೋಗಿ ಎಲೆಯನ್ನು ಮಗುಚಿ ನೋಡುವುದು ರೂಢಿ. ಎಲೆಯ ಕೆಳಮೈಯಲ್ಲಿ ಬಿಳಿಯ ಬೂಷ್ಟು ಕಂಡಿತೆಂದರೆ ದಾವಣಿ ರೋಗ ಕಾಲಿಟ್ಟಿತೆಂದೇ ಅರ್ಥ. ಆತನು ಅಲ್ಲಿಯೇ ನಿಂತು ಅದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಬೆಳೆಗಾರರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದರೆ, ಬಬಲೇಶ್ವರದ ಕಡೆಯಿಂದ ಒಬ್ಬರು, ಗಡಿಯಾಚೆಯ ಜತ್ತದಿಂದ ಇನ್ನೊಬ್ಬರು, ಯಾವ ಔಷಧ ಹೊಡೆಯಬೇಕು, ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಹೊಡೆದ ಮೇಲೆ ಮಳೆ ಬಿದ್ದರೆ ಏನು ಗತಿ ಎಂಬುದನ್ನೆಲ್ಲ ಹೊತ್ತೇರುವುದರೊಳಗೆ ತಿಳಿಸಿಕೊಡುತ್ತಾರೆ. ಬೇಸಗೆಯಲ್ಲಿ ಹಣ್ಣು ಒಣಗಿಸುವ ಶೆಡ್ಡುಗಳು ತುಂಬಿದ ಕಾಲಕ್ಕೆ ಅದೇ ಗುಂಪಿನಲ್ಲಿ ತಾಸಗಾಂವ ಪೇಟೆಯ ಒಣದ್ರಾಕ್ಷಿಯ ದರವೂ ಬರುತ್ತದೆ. ಮುಖ ಕಂಡರಿಯದ ಮಂದಿ ಹೀಗೆ ಒಬ್ಬರ ಬೆಳೆಯನ್ನು ಇನ್ನೊಬ್ಬರು ಕಾಯುವುದು ನಮ್ಮ ಕಾಲದ ಒಂದು ದೊಡ್ಡ ಸದ್ಗುಣವೆಂದೇ ನಾನು ಭಾವಿಸುತ್ತೇನೆ.

ಆದರೆ ಇಂಥ ಗುಂಪು ಒಡೆಯುವುದಕ್ಕೆ ಬಹಳ ಕಾಲ ಬೇಕಾಗುವುದಿಲ್ಲ. ಒಂದು ಗುಂಪಿನಲ್ಲಿ 1024 ಜನರಿಗಿಂತ ಹೆಚ್ಚು ಮಂದಿ ಸೇರಲು ಎಡೆಯಿಲ್ಲವಾದುದರಿಂದ ಎರಡನೆಯ ಗುಂಪು ಹುಟ್ಟುತ್ತದೆ. ಔಷಧ ಮಾರುವವರ ಜಾಹೀರಾತು ಹೆಚ್ಚಿತೆಂದೋ, ರಾಜಕಾರಣದ ಮಾತು ನುಗ್ಗಿತೆಂದೋ ಮುನಿದವರು ಮೂರನೆಯದನ್ನು ಕಟ್ಟುತ್ತಾರೆ. ಗುಂಪನ್ನು ನಡೆಸುತ್ತಿದ್ದವನ ಫೋನು ಕೆಟ್ಟು ನಂಬರು ಬದಲಾದರೆ ನಾಲ್ಕನೆಯದಕ್ಕೂ ಕಾರಣ ಸಿಕ್ಕಂತೆಯೇ. ಹೊಸ ಗುಂಪಿಗೆ ಬಂದವನಿಗೆ ಹಳೆಯ ಗುಂಪಿನ ಮಾತು ತಾನಾಗಿ ಕಾಣದು. ಹಿಂದಿನ ವರ್ಷಗಳ ಅಕಾಲದ ಮಳೆಯಲ್ಲಿ ಯಾವ ಉಪಾಯ ಫಲಿಸಿತು, ಯಾವುದು ಕೈಕೊಟ್ಟಿತು ಎಂದು ನೂರಾರು ಜನ ಕಷ್ಟಪಟ್ಟು ಕಲಿತುದು ಕೆಲವರ ಫೋನಿನಲ್ಲಿ ಹೂತು ಉಳಿಯುತ್ತದೆ. ಆ ಫೋನಿನೊಡನೆಯೇ ಅದು ಹೋಗುತ್ತದೆ.

ಘೋಣಸಗಿಯ ಈ ಸಂಗತಿಯನ್ನು ಮೊದಲಿಗೇ ಹೇಳಿದುದಕ್ಕೆ ಕಾರಣವುಂಟು. ಸಾಮಾಜಿಕ ಜಾಲಗಳು ಕೆಲವೇ ದೊಡ್ಡ ಕಂಪನಿಗಳ ಒಡೆತನದಲ್ಲಿರಬಾರದು, ಅವು ಹಲವು ಕೈಗಳಲ್ಲಿ ಹಂಚಿಕೊಂಡಿರಬೇಕು ಎಂಬ ವಿಕೇಂದ್ರೀಕರಣದ ವಿಚಾರವು ಲೋಕದಲ್ಲಿ ಬಲಗೊಳ್ಳುತ್ತಿರುವ ಈ ದಿನಗಳಲ್ಲಿ, ಒಂದು ಸಮುದಾಯ ಒಂದೆಡೆಯಿಂದ ಇನ್ನೊಂದೆಡೆಗೆ ವಲಸೆ ಹೊರಟಾಗ ಅದು ಸಮುದಾಯವಾಗಿಯೇ ಉಳಿಯುವುದು ಹೇಗೆ ಎಂಬ ಪ್ರಶ್ನೆಯು ಬೆಂಗಳೂರಿನ ತಂತ್ರಜ್ಞರದು ಮಾತ್ರವಾಗಿ ಉಳಿದಿಲ್ಲ. ತೋಟದ ನಡುವೆ ನಿಂತು ಎಲೆ ಮಗುಚುವ ರೈತನದೂ ಆಗಿದೆ. ಆ ಪ್ರಶ್ನೆಗೆ ಉತ್ತರದ ಮುಖ್ಯಭಾಗವೊಂದು ವಿಜಯಪುರದ ಇತಿಹಾಸದಲ್ಲಿಯೇ ಇದೆಯೆಂಬುದು ನನ್ನ ನಂಬಿಕೆ. ಈ ಲೇಖನದ ಉದ್ದೇಶವೂ ಅದನ್ನು ತೋರಿಸುವುದೇ.

ಬೀಡು ಬದಲಿಸಿದ ಎರಡು ದಶಕಗಳು

ಅಂತರ್ಜಾಲದಲ್ಲಿ ಕನ್ನಡಿಗರು ಕೂಡಿ ಬಾಳಿದ ಚರಿತ್ರೆಯು ಬಹುಮಟ್ಟಿಗೆ ಬೀಡು ಬದಲಿಸಿದ ಚರಿತ್ರೆಯೇ ಆಗಿದೆ. 2004ರ ಜನವರಿಯಲ್ಲಿ ಆರಂಭವಾದ ಆರ್ಕುಟ್ ಭಾರತದಲ್ಲಿ ಮನೆಮಾತಾಗಿ, ಊರಿನ ಹೆಸರಿನಲ್ಲಿ, ಕಾಲೇಜಿನ ಹೆಸರಿನಲ್ಲಿ, ಕವಿಗಳ ಹೆಸರಿನಲ್ಲಿ, ಸಿನಿಮಾ ನಟರ ಹೆಸರಿನಲ್ಲಿ ಕನ್ನಡಿಗರು ಅಲ್ಲಿ ಬಳಗಗಳನ್ನು ಕಟ್ಟಿಕೊಂಡರು. ಪುಣೆಗೆ, ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ, ಅಮೆರಿಕೆಗೆ ದುಡಿಯಲು ಹೋದವರಿಗೆ ತಾಯ್ನುಡಿಯಲ್ಲಿ ಹರಟಲು ಅದೊಂದು ಕಟ್ಟೆಯಾಯಿತು. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿತು. ಸಾರ್ವಜನಿಕ ಬಳಗಗಳ ಹಳೆಯ ಮಾತುಕತೆಯನ್ನು ಇನ್ನೂ ಕೆಲಕಾಲ ಓದಲಿಕ್ಕಷ್ಟೇ ಇರಿಸಿ, ಆ ಬಳಿಕ ಅದನ್ನೂ ತೆಗೆದುಹಾಕಲಾಯಿತು. ಆರ್ಕುಟ್ಟನ್ನು ಬಿಟ್ಟು ಅದೇ ಗೂಗಲ್ಲಿನ ಗೂಗಲ್ ಪ್ಲಸ್‌ಗೆ ಹೋಗಿ ನೆಲೆಸಿದವರು 2019ರ ಏಪ್ರಿಲ್ 2ರಂದು ಅಲ್ಲಿಂದಲೂ ಏಳಬೇಕಾಯಿತು. ಹಲವು ಮಂದಿ ಫೇಸ್‌ಬುಕ್ಕಿಗೆ ಹೋದರು, ಕೆಲವರು ಟ್ವಿಟರಿಗೆ, ಮಿಕ್ಕವರು ಸುಮ್ಮನಾದರು.

ಆ ಹೊತ್ತಿಗೆ ಬಂದುದು ಕೂ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದವತ್ಕ ಬೆಂಗಳೂರಿನಲ್ಲಿ ಕಟ್ಟಿದ ಆ ಜಾಲವು 2020ರ ಮಾರ್ಚಿನಲ್ಲಿ ಹೊರಬಂದಾಗ ಅದರ ಮೊದಲ ಭಾಷೆ ಕನ್ನಡವಾಗಿತ್ತು. ಬೇರೆ ಬೇರೆ ಜಾಲಗಳಲ್ಲಿ ಕನ್ನಡಕ್ಕೆ ಕೊನೆಯ ಪಂಕ್ತಿಯೇ ಮೀಸಲೆಂಬುದನ್ನು ಕಂಡು ನೊಂದಿದ್ದವರಿಗೆ, ಮೊದಲ ಪಂಕ್ತಿಯಲ್ಲಿಯೇ ಎಲೆ ಹಾಕಿದ ಆ ಜಾಲವು ತಮ್ಮದೆನಿಸಿದುದು ಸಹಜ. 2021ರ ಆರಂಭದಲ್ಲಿ ಭಾರತ ಸರಕಾರಕ್ಕೂ ಟ್ವಿಟರಿಗೂ ವಿವಾದವೆದ್ದಾಗ ಮಂತ್ರಿಗಳೂ ಇಲಾಖೆಗಳೂ ಅಲ್ಲಿಗೆ ಬಂದುವು. ಜನವೂ ಹಿಂಡುಹಿಂಡಾಗಿ ಬಂದಿತು. ಅತ್ಯುಚ್ಚ ಸ್ಥಿತಿಯಲ್ಲಿ ತಿಂಗಳಿಗೆ ಸುಮಾರು ಒಂದು ಕೋಟಿ ಜನ ಅದನ್ನು ಬಳಸುತ್ತಿದ್ದರೆಂದು ಸಂಸ್ಥಾಪಕರೇ ಹೇಳಿದ್ದಾರೆ. ಬಂಡವಾಳ ಬತ್ತಿತು, ಬೇರೆ ಸಂಸ್ಥೆಗಳೊಡನೆ ಕೂಡುವ ಮಾತುಕತೆ ಮುರಿಯಿತು, 2024ರ ಜುಲೈ ಮೊದಲ ವಾರದಲ್ಲಿ ಕೂ ಮುಚ್ಚುವುದೆಂಬ ಘೋಷಣೆ ಬಂದಿತು. ಅದನ್ನು ಕಟ್ಟಿದವರ ಶ್ರಮವೂ ಕಳಕಳಿಯೂ ಗೌರವಾರ್ಹವೇ. ಆದರೆ ನಾಲ್ಕು ವರ್ಷ ಅಲ್ಲಿ ಕನ್ನಡದಲ್ಲಿ ಬರೆದವನು, ತನ್ನ ಓದುಗರ ಬಳಗವನ್ನು ಜೊತೆಗೊಯ್ಯುವ ದಾರಿಯಿಲ್ಲದೆ ಬರಿಗೈಯಲ್ಲಿ ಹೊರಬರಬೇಕಾಯಿತು.

ಈ ವಲಸೆಗಳಲ್ಲೆಲ್ಲ ಸಮಾನವಾಗಿ ಕಂಡುಬರುವ ನಷ್ಟವೊಂದಿದೆ. ಎಲ್ಲರೂ ಒಂದೇ ದಿನ ಹೊರಡುವುದಿಲ್ಲ. ಎಲ್ಲರೂ ಒಂದೇ ಕಡೆಗೆ ಹೋಗುವುದಿಲ್ಲ. ಚುರುಕಿನವರು ಮುಂಚೆ ಹೋಗುತ್ತಾರೆ. ವಯಸ್ಸಾದವರು, ಹೊಸ ಯಂತ್ರಕ್ಕೆ ಅಂಜುವವರು, ಮೊಮ್ಮಗನ ಫೋನಿನಲ್ಲಿ ಓದುತ್ತಿದ್ದವರು ಹಿಂದುಳಿಯುತ್ತಾರೆ. ಕಾವ್ಯನಾಮದಿಂದಷ್ಟೇ ಒಬ್ಬರನ್ನೊಬ್ಬರು ಬಲ್ಲವರು ಹೊಸ ಊರಿನಲ್ಲಿ ಒಬ್ಬರನ್ನೊಬ್ಬರು ಗುರುತಿಸಲಾರರು. ಹೀಗೆ ಪ್ರತಿ ವಲಸೆಯೂ ಸಮುದಾಯವನ್ನು ಒಂದಿಷ್ಟು ಕಿರಿದಾಗಿಸಿ, ಒಂದಿಷ್ಟು ಮರೆಗುಳಿಯಾಗಿಸಿ ಮುಂದಿನ ನೆಲೆಗೆ ಒಪ್ಪಿಸುತ್ತದೆ.

ಹಲವು ಮನೆಗಳ ಊರು

ಒಡೆಯನೊಬ್ಬನ ಇಚ್ಛೆಗೆ ಊರೇ ಖಾಲಿಯಾಗುವ ಈ ಅವಸ್ಥೆಗೆ ಪರಿಹಾರವೆಂದು ಮುಂದಿಟ್ಟ ವ್ಯವಸ್ಥೆಯೇ ವಿಕೇಂದ್ರಿತ ಜಾಲ. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದ ಮಾಸ್ಟೊಡಾನ್ ಅದರ ಪ್ರಸಿದ್ಧ ಉದಾಹರಣೆ. ಇದು ಒಂದೇ ಕಂಪನಿಯ ಒಂದೇ ಜಾಲವಲ್ಲ. ಇದರ ತಂತ್ರಾಂಶವನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಸ್ಥಾಪಿಸಿಕೊಂಡು, ತಮ್ಮದೇ ನಿಯಮಗಳೊಡನೆ ಒಂದು ಮನೆಯನ್ನು ನಡೆಸಬಹುದು. ಒಂದು ಮನೆಯ ನಿವಾಸಿಯು ಇನ್ನೊಂದು ಮನೆಯ ನಿವಾಸಿಯನ್ನು ಅನುಸರಿಸಬಹುದು, ಮಾತನಾಡಿಸಬಹುದು. ಜಿಮೇಲಿನವರು ಬೇರೆ ಕಂಪನಿಯ ಇಮೇಲಿನವರಿಗೆ ಪತ್ರ ಬರೆಯುವಂತೆ ಇಲ್ಲಿಯೂ ಹೆಸರಿನ ಜೊತೆಗೆ ಮನೆಯ ವಿಳಾಸ ಸೇರಿರುತ್ತದೆ. ಮನೆಗಳು ಪರಸ್ಪರ ಮಾತನಾಡುವ ಕ್ರಮವನ್ನು ಆಕ್ಟಿವಿಟಿಪಬ್ ಎಂಬ ಹೆಸರಿನಲ್ಲಿ 2018ರ ಜನವರಿಯಲ್ಲಿ ಜಾಗತಿಕ ಜಾಲ ಒಕ್ಕೂಟವು ಅಧಿಕೃತ ಶಿಫಾರಸಾಗಿ ಪ್ರಕಟಿಸಿತು.

ಇಂಥ ಸಮಾನ ಕ್ರಮದ ಬೆಲೆಯನ್ನು ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಒಂದು ತಂತ್ರಾಂಶದ ಅಕ್ಷರವಿನ್ಯಾಸದಲ್ಲಿ ಬರೆದ ಕನ್ನಡವು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿದ್ದ ಕಾಲವನ್ನು ನಾವು ಕಂಡಿದ್ದೇವೆ. ಯೂನಿಕೋಡ್ ಎಂಬ ಸಮಾನ ಸಂಕೇತವು ಬಳಕೆಗೆ ಬಂದ ಮೇಲೆಯೇ ವಿಜಯಪುರದಲ್ಲಿ ಬರೆದುದನ್ನು ಮಂಗಳೂರಿನಲ್ಲಿಯೂ ಮಸ್ಕತ್ತಿನಲ್ಲಿಯೂ ತಡೆಯಿಲ್ಲದೆ ಓದುವುದು ಸಾಧ್ಯವಾಯಿತು. 2003ರಲ್ಲಿ ಮೊದಲಾದ ಕನ್ನಡ ವಿಕಿಪೀಡಿಯ ಬೆಳೆದುದಕ್ಕೂ ಅದೇ ಆಧಾರ.

ವಿಕೇಂದ್ರಿತ ಜಾಲದ ಕಡೆಗೆ ಭಾರತೀಯರ ಮೊದಲ ದೊಡ್ಡ ವಲಸೆ ನಡೆದುದು 2019ರ ನವೆಂಬರಿನಲ್ಲಿ. ಸರ್ವೋಚ್ಚ ನ್ಯಾಯಾಲಯದ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿದುದನ್ನು ಪ್ರತಿಭಟಿಸಿ ಸಾವಿರಾರು ಮಂದಿ ಮಾಸ್ಟೊಡಾನಿಗೆ ಹೋದರು. ಕೆಲವೇ ವಾರಗಳಲ್ಲಿ ಅವರಲ್ಲಿ ಬಹುಪಾಲು ಜನ ಹಿಂದಿರುಗಿದರು. 2022ರ ಅಕ್ಟೋಬರ್ 27ರಂದು ಎಲಾನ್ ಮಸ್ಕ್ ಟ್ವಿಟರನ್ನು ಕೊಂಡ ಮೇಲೆ ನಡೆದ ವಲಸೆಯು ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಆ ವರ್ಷದ ಕೊನೆಗೆ ಮಾಸ್ಟೊಡಾನನ್ನು ತಿಂಗಳಿಗೆ ಸುಮಾರು 25 ಲಕ್ಷ ಮಂದಿ ಬಳಸುತ್ತಿದ್ದರು. ಮರುವರ್ಷದ ಜನವರಿಯ ಹೊತ್ತಿಗೆ ಅದು ಸುಮಾರು 18 ಲಕ್ಷಕ್ಕಿಳಿಯಿತು. 2022ರ ಡಿಸೆಂಬರಿನಲ್ಲಿ ಟ್ವಿಟರು ಮಾಸ್ಟೊಡಾನ್ ಮೊದಲಾದ ನೆಲೆಗಳ ಕೊಂಡಿಗಳನ್ನು ತನ್ನಲ್ಲಿ ಹಾಕಬಾರದೆಂದು ನಿಷೇಧಿಸಿ, ಆಕ್ಷೇಪ ಬಂದ ಮೇಲೆ ಹಿಂದೆಗೆಯಿತು. ಹೊಸ ಮನೆಯ ವಿಳಾಸವನ್ನು ನೆರೆಯವರಿಗೆ ಹೇಳಿಹೋಗುವುದೂ ಹಳೆಯ ಒಡೆಯನ ಅನುಮತಿಯನ್ನು ಅವಲಂಬಿಸಿರಬಹುದೆಂಬುದು ಅಂದು ಲೋಕಕ್ಕೆ ಸ್ಪಷ್ಟವಾಯಿತು.

ಬಿಡುಗಡೆಯ ಬೆಲೆ

ಹೋದವರು ಮರಳಿ ಬಂದುದು ಏಕೆ? ವಿಕೇಂದ್ರೀಕರಣವನ್ನು ಮೆಚ್ಚುವ ನಾವು ಈ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಎದುರಿಸಬೇಕು.

ಮೊದಲನೆಯದು, ಒಬ್ಬರಿಗೊಬ್ಬರು ಕಾಣದಿರುವ ಕಷ್ಟ. ಹಲವು ಮನೆಗಳ ಈ ಊರಿನಲ್ಲಿ ಪ್ರತಿ ಮನೆಗೂ ಕಾಣುವುದು, ಆ ಮನೆಯವರು ಯಾರನ್ನು ಅನುಸರಿಸುತ್ತಿರುವರೋ ಅವರ ಸುತ್ತಲಿನ ಮಾತಷ್ಟೇ. ಸಾವಿರಾರು ಇಂಗ್ಲಿಷಿನವರಿರುವ ಮನೆಯಲ್ಲಿ ಒಬ್ಬನೇ ಕನ್ನಡಿಗನಿದ್ದರೆ, ಬೇರೆ ಮನೆಗಳಲ್ಲಿ ಹತ್ತು ಮಂದಿ ಕನ್ನಡಿಗರು ಪ್ರತಿದಿನ ಬರೆಯುತ್ತಿದ್ದರೂ, ಅವರ ಹೆಸರನ್ನು ಯಾರಾದರೂ ಹೇಳಿಕೊಡುವವರೆಗೆ ಆತನ ಕಣ್ಣಿಗೆ ಒಂದು ಕನ್ನಡ ಅಕ್ಷರವೂ ಬೀಳದಿರಬಹುದು. ಕೋಟಿಗಟ್ಟಲೆ ಜನ ಬರೆಯುವ ಭಾಷೆಗೆ ಇದು ಅಷ್ಟಾಗಿ ಬಾಧಿಸುವುದಿಲ್ಲ. ಬೆರಳೆಣಿಕೆಯ ಮಂದಿಯಿಂದ ಮೊದಲುಮಾಡಬೇಕಾದ ಭಾಷೆಗೆ ಇದು ಹುಟ್ಟಿನಲ್ಲಿಯೇ ಕತ್ತು ಹಿಸುಕುವಂಥ ತೊಡಕು. ಚದುರಿದ ಹತ್ತು ಮಂದಿ ಸಮುದಾಯವೆನಿಸುವುದಿಲ್ಲ. ಅವರು ಹತ್ತು ಮಂದಿ ಒಂಟಿಗರು.

ಎರಡನೆಯದು, ಮನೆಗಳ ನಡುವಿನ ಗೋಡೆ. ದ್ವೇಷವನ್ನು ಬಿತ್ತುವ ಮನೆಯೊಂದಿದ್ದರೆ ಉಳಿದ ಮನೆಗಳು ಅದರೊಡನೆ ಸಂಪರ್ಕ ಕಡಿದುಕೊಳ್ಳಬಹುದು. 2019ರಲ್ಲಿ ಗ್ಯಾಬ್ ಎಂಬ ಜಾಲವು ಮಾಸ್ಟೊಡಾನಿನ ತಂತ್ರಾಂಶವನ್ನು ಬಳಸತೊಡಗಿದಾಗ ಅನೇಕರು ಹಾಗೆಯೇ ಮಾಡಿದರು, ಅದು ನ್ಯಾಯವೂ ಆಗಿತ್ತು. ಆದರೆ ಇಬ್ಬರು ಯಜಮಾನರ ಜಗಳಕ್ಕಾಗಿ ಎರಡು ಮನೆಗಳ ನಡುವಿನ ಬಾಗಿಲು ಮುಚ್ಚಿದರೆ, ಆ ಜಗಳಕ್ಕೆ ಸಂಬಂಧವೇ ಇಲ್ಲದ ಗೆಳೆಯರ ನೂರಾರು ಎಳೆಗಳು ಅವರಿಗೆ ತಿಳಿಯದೆಯೇ ತುಂಡಾಗುತ್ತವೆ. ಇಲ್ಲಿ ಭಾಷೆಯ ತೊಡಕೂ ಸೇರುತ್ತದೆ. ವಿಜಯಪುರದ ಕಡೆಯಲ್ಲಿ ಗೆಳೆಯನು ಗೆಳೆಯನನ್ನು ‘ಲೇ ಮಗನ, ಎಲ್ಲಿ ಹಾಳಾಗಿ ಹೋಗಿದ್ಯೋ’ ಎಂದು ಕರೆದರೆ ಅದರಲ್ಲಿರುವುದು ಅಗಲಿಕೆಯ ಪ್ರೀತಿ. ಅದನ್ನು ಯಂತ್ರದ ಅನುವಾದದಲ್ಲಿ ಓದುವ ದೂರದೇಶದ ಯಜಮಾನನಿಗೆ ಅದು ನಿಂದೆಯಾಗಿಯೇ ತೋರಬಹುದು. ಅದೇ ಯಜಮಾನನಿಗೆ, ನಯವಾದ ಪದಗಳಲ್ಲಿ ಒಂದು ಜಾತಿಯನ್ನು ಹೀಯಾಳಿಸಿದ ಕನ್ನಡ ವಾಕ್ಯದ ವಿಷ ತಿಳಿಯದೆಯೂ ಹೋಗಬಹುದು. ತನ್ನ ನುಡಿಯನ್ನು ಬಲ್ಲ ಪಂಚರಿಲ್ಲದ ಊರಿನಲ್ಲಿ ನ್ಯಾಯವು ದುರ್ಲಭ.

ಮೂರನೆಯದು, ಮನೆ ನಡೆಸುವವರ ದಣಿವು. ಈ ಮನೆಗಳಲ್ಲಿ ಬಹುಪಾಲು ಯಾರೋ ಒಬ್ಬರ, ಇಬ್ಬರ ಬಿಡುವಿನ ವೇಳೆಯ ಸೇವೆಯಿಂದ, ಅವರ ಕೈಯ ಹಣದಿಂದ ಇಲ್ಲವೆ ನಿವಾಸಿಗಳ ಅಲ್ಪಸ್ವಲ್ಪ ಕಾಣಿಕೆಯಿಂದ ನಡೆಯುತ್ತವೆ. ಹಲವು ಸಾವಿರ ಜನರಿದ್ದ ಮಾಸ್ಟೊಡಾನ್ ಡಾಟ್ ಟೆಕ್ನಾಲಜಿ ಎಂಬ ಮನೆಯನ್ನು ಅದರ ನಿರ್ವಾಹಕನು ಕುಟುಂಬದ ಕಷ್ಟಗಳ ನಡುವೆ ನಡೆಸಲಾರದೆ 2022ರ ಕೊನೆಗೆ ಮುಚ್ಚಿದನು. ಮರುವರ್ಷ ಮಾಸ್ಟೊಡಾನ್ ಡಾಟ್ ಲಾಲ್ ಎಂಬುದು, ನಿವಾಸಿಗಳ ಕಲಹವನ್ನೂ ಬೈಗುಳನ್ನೂ ತಾಳಲಾರದ ನಿರ್ವಾಹಕನ ನಿರ್ಧಾರದಿಂದ ಮುಚ್ಚಿತು. ಹಣವುಳ್ಳವರ ಮನೆಗಳೂ ಶಾಶ್ವತವೇನಲ್ಲ: ಯುರೋಪಿನ ಒಕ್ಕೂಟವು ತನ್ನ ಸಂಸ್ಥೆಗಳಿಗಾಗಿ 2022ರ ಏಪ್ರಿಲಿನಲ್ಲಿ ಪ್ರಯೋಗವೆಂದು ತೆರೆದ ಮಾಸ್ಟೊಡಾನ್ ಮನೆಯು, ಅದನ್ನು ವಹಿಸಿಕೊಳ್ಳುವ ಇಲಾಖೆ ಸಿಕ್ಕದೆ 2024ರ ಮೇ ತಿಂಗಳಿನಲ್ಲಿ ಮುಚ್ಚಿಹೋಯಿತು.

ನಾಲ್ಕನೆಯದು, ವಲಸೆಯ ಅಪೂರ್ಣತೆ. ಮಾಸ್ಟೊಡಾನಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದರೆ ನಮ್ಮನ್ನು ಅನುಸರಿಸುವವರು ನಮ್ಮ ಹಿಂದೆ ಬರುತ್ತಾರೆ. ಇದು ಹಳೆಯ ಜಾಲಗಳಲ್ಲಿ ಇಲ್ಲದ ದೊಡ್ಡ ಸೌಕರ್ಯ. ಆದರೆ ನಾವು ಬರೆದುದು ಹಳೆಯ ಮನೆಯಲ್ಲಿಯೇ ಉಳಿಯುತ್ತದೆ. ಮುನ್ಸೂಚನೆಯಿಲ್ಲದೆ ಹಳೆಯ ಮನೆ ಮುಚ್ಚಿದರೆ ಅನುಸರಿಸುವವರೂ ಬರಲಾರರು, ಏಕೆಂದರೆ ‘ಇವರು ಇಂಥಲ್ಲಿಗೆ ಹೋದರು’ ಎಂದು ಸಾರಬೇಕಾದುದು ಆ ಹಳೆಯ ಮನೆಯೇ. ಬ್ಲೂಸ್ಕೈ ಎಂಬ ಇನ್ನೊಂದು ಜಾಲವು ಬೇರೆ ದಾರಿಯನ್ನು ಹಿಡಿದಿದೆ: ಅಲ್ಲಿ ವ್ಯಕ್ತಿಯ ಗುರುತು ಮನೆಗೆ ಅಂಟಿಕೊಂಡಿರದೆ ಸ್ವತಂತ್ರವಾಗಿರುತ್ತದೆ, ಆದುದರಿಂದ ಬರೆಹದ ಸಮೇತ ಮನೆ ಬದಲಿಸಬಹುದೆಂಬುದು ಅದರ ಉದ್ದೇಶ. ತತ್ತ್ವವು ಶ್ರೇಷ್ಠವಾದುದು, ಆದರೆ 2024ರ ನವೆಂಬರಿನಲ್ಲಿ ಎರಡು ಕೋಟಿ ದಾಟಿದ ಅದರ ಬಳಕೆದಾರರಲ್ಲಿ ಬಹುತೇಕರು ವಾಸವಾಗಿರುವುದು ಆ ಕಂಪನಿಯ ಸರ್ವರುಗಳಲ್ಲಿಯೇ. ಮೇಲಾಗಿ ಬ್ಲೂಸ್ಕೈ ಮತ್ತು ಮಾಸ್ಟೊಡಾನ್ ಬೇರೆ ಬೇರೆ ಕ್ರಮಗಳಲ್ಲಿ ಮಾತನಾಡುತ್ತವೆ. ಎರಡರ ನಡುವೆ ಸೇತುವೆ ಕಟ್ಟಲು 2024ರಲ್ಲಿ ಒಬ್ಬ ತಂತ್ರಜ್ಞರು ಹೊರಟಾಗ, ತಮ್ಮ ಮಾತನ್ನು ತಮ್ಮನ್ನು ಕೇಳದೆ ಆಚೆಗೆ ಒಯ್ಯಬಾರದೆಂದು ಮಾಸ್ಟೊಡಾನಿನವರು ತೀವ್ರವಾಗಿ ಆಕ್ಷೇಪಿಸಿದರು. ಐಕ್ಯಕ್ಕಾಗಿ ಸಮ್ಮತಿಯನ್ನು ಬಲಿಗೊಡಬಾರದೆಂಬ ಆ ಆಕ್ಷೇಪವು ತೂಕವುಳ್ಳದ್ದು.

ಕಲ್ಯಾಣದಿಂದ ವಿಜಯಪುರಕ್ಕೆ

ಈ ನಾಲ್ಕು ಕಷ್ಟಗಳನ್ನು ಎದುರಿಗಿಟ್ಟುಕೊಂಡು ಯೋಚಿಸುವಾಗ, ಇದಕ್ಕಿಂತ ಘೋರವಾದ ವಲಸೆಯನ್ನೂ ಇದಕ್ಕಿಂತ ದೀರ್ಘವಾದ ಚದುರುವಿಕೆಯನ್ನೂ ದಾಟಿ ಉಳಿದ ಒಂದು ಸಮುದಾಯದ ವೃತ್ತಾಂತವು ನೆನಪಿಗೆ ಬಾರದಿರದು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ಕೂಡಿಸಿದ ಶರಣರ ಬಳಗವು, ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ಬಿಜ್ಜಳನ ರಾಜ್ಯದಲ್ಲೆದ್ದ ಕ್ಷೋಭೆಯಿಂದಾಗಿ ಒಡೆದು ದಿಕ್ಕುದಿಕ್ಕಿಗೆ ಚದುರಿತು. ಚೆನ್ನಬಸವಣ್ಣನವರೊಡನೆ ಒಂದು ಸಮೂಹ ಪಡುವಣದ ಕಾಡುಗಳನ್ನು ದಾಟಿ ಉಳವಿಗೆ ಹೋಯಿತೆಂದೂ ಬೇರೆಯವರು ಬೇರೆ ದಿಕ್ಕುಗಳನ್ನು ಹಿಡಿದರೆಂದೂ ಪರಂಪರೆ ಹೇಳುತ್ತದೆ. ಅನುಭವಮಂಟಪವೆಂಬ ಕೇಂದ್ರ ಇಲ್ಲವಾಯಿತು. ಕೇಂದ್ರವೊಂದನ್ನೇ ನಂಬಿದ್ದ ಸಮುದಾಯವಾಗಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಮುಗಿಯಲಿಲ್ಲ. ಅದಕ್ಕೆ ಕಾರಣಗಳನ್ನು ನೋಡಬೇಕು. ವಚನವು ಬಾಯಲ್ಲಿ ಹಿಡಿಸುವಷ್ಟು ಕಿರಿದು, ಕಟ್ಟಿನಲ್ಲಿ ಬರೆದಿಟ್ಟುಕೊಳ್ಳುವಷ್ಟು ಹಗುರು. ಅದು ಒಂದೇ ಭಂಡಾರದಲ್ಲಿರದೆ ಅನೇಕ ಮಠಗಳಲ್ಲಿ, ಅನೇಕ ಮನೆಗಳಲ್ಲಿ ತಾಳೆಗರಿಯ ಪ್ರತಿಗಳಾಗಿ ಉಳಿಯಿತು. ಒಂದು ಪ್ರತಿಯನ್ನು ಗೆದ್ದಲು ತಿಂದರೆ ಇನ್ನೊಂದು ಊರಿನಲ್ಲಿ ಮತ್ತೊಂದು ಪ್ರತಿ ಇದ್ದೇ ಇರುತ್ತಿತ್ತು. ಅದಕ್ಕಿಂತ ಮಿಗಿಲಾದ ಕಾರಣವು ಅಂಕಿತ. ಬಸವಣ್ಣನವರ ವಚನದ ಕೊನೆಗೆ ಕೂಡಲಸಂಗಮದೇವ, ಅಲ್ಲಮಪ್ರಭುವಿನದಕ್ಕೆ ಗುಹೇಶ್ವರ, ಅಕ್ಕಮಹಾದೇವಿಯದಕ್ಕೆ ಚೆನ್ನಮಲ್ಲಿಕಾರ್ಜುನ ಎಂದಿರುವುದರಿಂದ, ಆ ಮಾತು ಯಾವ ಊರಿನ ಯಾವ ಕಟ್ಟಿನಲ್ಲಿ ಸಿಕ್ಕರೂ ಅದು ಯಾರದೆಂಬುದು ಮಾತಿನೊಳಗೆಯೇ ಬರೆದಿದೆ. ಮಾತಿನ ಒಡೆತನವು ಅದನ್ನಿಟ್ಟ ಮನೆಗೆ ಸೇರಿದುದಲ್ಲ, ಆಡಿದವನಿಗೆ ಸೇರಿದುದು. ಆ ಗುರುತು ಮಾತಿನೊಡನೆಯೇ ಪಯಣಿಸುತ್ತದೆ. ಇಂದಿನ ತಂತ್ರಜ್ಞರು ಸಂಚಾರಿಯಾದ ಗುರುತನ್ನು ಅರಸುತ್ತಿರುವಾಗ ಸಾಧಿಸಬೇಕೆಂದಿರುವುದೂ ಇದನ್ನೇ. ಕೃತಕವಾಗಿ ಸೇರಿದ ವಚನಗಳೂ ಅಂಕಿತ ತೊಟ್ಟು ಬಂದುದುಂಟು. ಅವನ್ನು ಬೇರ್ಪಡಿಸಲು ವಿದ್ವಾಂಸರು ಪ್ರತಿಗೆ ಪ್ರತಿಯನ್ನು ಹೋಲಿಸಿ ನೋಡಿದರು. ಪ್ರತಿಗಳು ಹಲವಿದ್ದುದರಿಂದಲೇ ಆ ಪರೀಕ್ಷೆಯೂ ಸಾಧ್ಯವಾಯಿತು.

ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವಚನಗಳನ್ನು ಮತ್ತೆ ಕೂಡಿಸಿ, ಶೂನ್ಯಸಂಪಾದನೆಯಂಥ ಕೃತಿಗಳಲ್ಲಿ ಜೋಡಿಸುವ ಮಹತ್ಕಾರ್ಯ ನಡೆಯಿತು. ಬಳಿಕ ಮತ್ತೆ ಚದುರಿದುದನ್ನು ಇಪ್ಪತ್ತನೆಯ ಶತಮಾನದಲ್ಲಿ ಕೂಡಿಸಿದವರು ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರವನ್ನು ಕರ್ಮಭೂಮಿಯಾಗಿಸಿಕೊಂಡ ಅವರು, ವಕೀಲಿಯ ಸಂಪಾದನೆಯನ್ನೂ ಆಯುಷ್ಯವನ್ನೂ ತಾಳೆಗರಿಯ ಬೆನ್ನುಹತ್ತುವುದಕ್ಕೆ ಮುಡಿಪಾಗಿಟ್ಟರು. ಮನೆಮನೆಗಳಲ್ಲಿ ಪೂಜೆಯ ಜಗುಲಿಯ ಮೇಲೆ ವಸ್ತ್ರದಲ್ಲಿ ಸುತ್ತಿಟ್ಟ ಕಟ್ಟುಗಳನ್ನು ಬೇಡಿ ಪಡೆದು, ಓದಿ, ನಕಲು ಮಾಡಿ, ಒಂದರೊಡನೆ ಒಂದನ್ನು ಹೋಲಿಸಿದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹೋದ ‘ವಚನಶಾಸ್ತ್ರಸಾರ’ದ ಹಸ್ತಪ್ರತಿ ಅಲ್ಲಿ ಅಚ್ಚಾಗದೆ ಹಿಂದಿರುಗಿತು, 1923ರಲ್ಲಿ ಬೆಳಗಾವಿಯಲ್ಲಿ ಅದು ಬೆಳಕು ಕಂಡಿತು. ಬೇರೆಯವರ ಮುದ್ರಣಾಲಯವನ್ನು ನಂಬಿ ಕೂರಲಾಗದೆಂದು ತಿಳಿದು, ಮನೆಯನ್ನು ಮಾರಿದ ಹಣದಿಂದ 1925ರಲ್ಲಿ ವಿಜಯಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಅವರನ್ನು ಅರಸಿ ಬಂದಿತು. ಅವರ ದಾರಿಯಲ್ಲಿ ನಡೆದವರಲ್ಲಿ ಇದೇ ಜಿಲ್ಲೆಯ ಎಂ. ಎಂ. ಕಲಬುರ್ಗಿಯವರೂ ಒಬ್ಬರು, ಸರಕಾರದ ‘ಸಮಗ್ರ ವಚನ ಸಂಪುಟ’ ಹದಿನೈದು ಸಂಪುಟಗಳಲ್ಲಿ ಹೊರಬರಲು ಅವರ ಸಂಪಾದಕತ್ವ ಕಾರಣವಾಯಿತು. ಈಗ ‘ವಚನ ಸಂಚಯ’ವೆಂಬ ಸ್ವಯಂಸೇವಕರ ಯೋಜನೆಯು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಯೂನಿಕೋಡಿನಲ್ಲಿ, ಪದಪದವನ್ನೂ ಹುಡುಕಿ ನೋಡುವಂತೆ ಅಂತರ್ಜಾಲದಲ್ಲಿ ಇಟ್ಟಿದೆ.

ಈ ವೃತ್ತಾಂತದ ಸಾರವನ್ನು ಹೇಳುವುದಾದರೆ, ಚದುರುವಿಕೆಯು ಸಮುದಾಯಕ್ಕೆ ತಾನಾಗಿ ಮೃತ್ಯುವಲ್ಲ. ಚದುರಿದವರಲ್ಲಿ ಪ್ರತಿಯೊಬ್ಬರ ಕೈಯಲ್ಲಿಯೂ ಪ್ರತಿ ಇದ್ದರೆ, ಆ ಪ್ರತಿಯಲ್ಲಿ ಆಡಿದವರ ಗುರುತು ಇದ್ದರೆ, ಎಲ್ಲರೂ ಓದಬಲ್ಲ ಒಂದೇ ಲಿಪಿ ಇದ್ದರೆ, ಕೊನೆಗೆ ಇವನ್ನು ಹುಡುಕಿ ಕೂಡಿಸುವ ಒಬ್ಬ ಹಳಕಟ್ಟಿಯಿದ್ದರೆ, ಎಂಟು ಶತಮಾನಗಳ ಅಂತರವೂ ದಾಟಬಹುದಾದುದೇ. ಈ ನಾಲ್ಕರಲ್ಲಿ ಗುರುತನ್ನೂ ಸಮಾನ ಲಿಪಿಯನ್ನೂ ತಂತ್ರಜ್ಞಾನವು ಕೊಡಬಲ್ಲುದು. ಪ್ರತಿಯನ್ನು ಇಟ್ಟುಕೊಳ್ಳುವ ಎಚ್ಚರವನ್ನೂ ಕೂಡಿಸುವ ತಾಳ್ಮೆಯನ್ನೂ ಮನುಷ್ಯರೇ ಕೊಡಬೇಕು. ವಿಕೇಂದ್ರೀಕರಣದ ಮಾತನ್ನಾಡುವವರು ಬಹುಮಟ್ಟಿಗೆ ತಂತ್ರಜ್ಞಾನ ಕೊಡುವ ಎರಡರ ಕುರಿತೇ ಮಾತನಾಡುತ್ತ, ಮನುಷ್ಯರು ಕೊಡಬೇಕಾದ ಎರಡನ್ನು ಮರೆತಿರುವುದೇ ಇಂದಿನ ವೈಫಲ್ಯಗಳ ಮೂಲ.

ಮಾಡಬೇಕಾದುದು

ಮೊದಲು ಕಾನೂನಿನ ಮಾತು. 2011ರ ಜನವರಿ 20ರಿಂದ ದೇಶದಾದ್ಯಂತ ಮೊಬೈಲ್ ನಂಬರನ್ನು ಉಳಿಸಿಕೊಂಡೇ ಕಂಪನಿಯನ್ನು ಬದಲಿಸುವ ಹಕ್ಕು ನಮಗೆ ದೊರೆಯಿತು. ತಿಕೋಟಾದ ಅಂಗಡಿಯಲ್ಲಿ ಸಿಮ್ ಪೋರ್ಟ್ ಮಾಡಿಸುವ ರೈತನಿಗೆ ಅದು ಈಗ ಅತಿ ಸಾಮಾನ್ಯ ಸಂಗತಿ. ಸಾಮಾಜಿಕ ಜಾಲದಲ್ಲಿ ಬರೆದ ಬರೆಹಕ್ಕೂ ಗಳಿಸಿದ ಬಳಗಕ್ಕೂ ಅಂಥದೇ ಹಕ್ಕು ಬೇಕು. ಒಬ್ಬ ವ್ಯಕ್ತಿಯು ತನ್ನ ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುವ ಹಕ್ಕನ್ನು ಭಾರತದ 2019ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಮಸೂದೆಯು ಒಪ್ಪಿತ್ತು. 2023ರಲ್ಲಿ ಅಂಗೀಕಾರವಾದ ಅಧಿನಿಯಮದಲ್ಲಿ ಅದು ಇಲ್ಲ. ಯುರೋಪಿನಲ್ಲಿ 2018ರಿಂದಲೇ ಆ ಹಕ್ಕು ಜಾರಿಯಲ್ಲಿದೆ. ಅಲ್ಲದೆ ವಾಟ್ಸ್ಆ್ಯಪಿನಂಥ ದೊಡ್ಡ ಸೇವೆಗಳು ಬೇರೆ ಸೇವೆಗಳೊಡನೆ ಸಂದೇಶ ವಿನಿಮಯಕ್ಕೆ ಬಾಗಿಲು ತೆರೆಯಬೇಕೆಂಬ ಕಟ್ಟಳೆಯೂ 2024ರಿಂದ ಬಂದಿದೆ. ನಮ್ಮ ಜನಪ್ರತಿನಿಧಿಗಳು ಬಿಟ್ಟುಹೋದ ಆ ಹಕ್ಕನ್ನು ಮರಳಿ ತರಬೇಕೆಂದು ಕೇಳುವುದು ಭಾಷಾಭಿಮಾನಿಗಳ ಕರ್ತವ್ಯವೂ ಹೌದು.

ಎರಡನೆಯದು ಸಂಸ್ಥೆಗಳ ಮಾತು. ಏಕೀಕರಣಕ್ಕೆ ಮುಂಚೆ ಕನ್ನಡಿಗರು ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗುಗಳೆಂದು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದಾಗ, 1890ರ ಕರ್ನಾಟಕ ವಿದ್ಯಾವರ್ಧಕ ಸಂಘವೂ 1915ರ ಸಾಹಿತ್ಯ ಪರಿಷತ್ತೂ ಅವರನ್ನು ಒಂದು ಜನವಾಗಿ ಹಿಡಿದಿಟ್ಟವು. ಇಂದು ವಿಕೇಂದ್ರಿತ ಜಾಲದಲ್ಲಿ ಕನ್ನಡಕ್ಕೆ ಬೇಕಾದುದೂ ಅಂಥ ದೀರ್ಘಾಯುವಾದ ಆಧಾರವೇ. ಜರ್ಮನಿ, ನೆದರ್ಲೆಂಡ್ಸ್ ಸರಕಾರಗಳು ತಮ್ಮದೇ ಮಾಸ್ಟೊಡಾನ್ ಮನೆಗಳನ್ನು ನಡೆಸುತ್ತಿರುವಾಗ, ಹಳಕಟ್ಟಿಯವರ ಹೆಸರಿನಲ್ಲಿ ಸಂಶೋಧನಾ ಕೇಂದ್ರವನ್ನೂ ಅಕ್ಕಮಹಾದೇವಿಯ ಹೆಸರಿನಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಹೊಂದಿರುವ ವಿಜಯಪುರವು ಒಂದು ಕನ್ನಡದ ಮನೆಯನ್ನು ತೆರೆಯಲಾರದೆ? ಅದಕ್ಕೆ ಬೇಕಾದ ಯಂತ್ರದ ವೆಚ್ಚವು ಒಂದು ಸಮ್ಮೇಳನದ ಪೆಂಡಾಲಿನ ವೆಚ್ಚಕ್ಕಿಂತ ಕಡಿಮೆಯೇ ಆದೀತು. ಕನ್ನಡದ ನಾನಾ ಪ್ರಾಂತಗಳ ನುಡಿಯನ್ನು ಬಲ್ಲ ಪಂಚರ ಮಂಡಲಿ, ಒಬ್ಬರು ದಣಿದರೆ ಇನ್ನೊಬ್ಬರು ವಹಿಸಿಕೊಳ್ಳುವ ಕ್ರಮ, ಮುಚ್ಚಬೇಕಾಗಿ ಬಂದರೆ ಎಷ್ಟು ತಿಂಗಳು ಮುಂಚೆ ತಿಳಿಸಬೇಕೆಂಬ ಲಿಖಿತ ವಚನ, ಇಷ್ಟಿಲ್ಲದೆ ಮಾತ್ರ ಅದನ್ನು ತೆರೆಯಬಾರದು. ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ, ವಿದೇಶಗಳಲ್ಲಿ ಇಂಥ ಬೇರೆ ಮನೆಗಳಿದ್ದು, ಅವುಗಳ ನಿವಾಸಿಗಳ ಸಮ್ಮತಿಯ ಮೇಲೆ ಹೆಸರುಗಳ ಒಂದು ಸಾಮಾನ್ಯ ಪಟ್ಟಿಯನ್ನು ಇಟ್ಟರೆ, ಒಂಟಿ ಕನ್ನಡಿಗನು ಇತರರನ್ನು ಕಾಣದೆ ಹಿಂದಿರುಗುವ ಕಷ್ಟವೂ ನೀಗುತ್ತದೆ.

ಮೂರನೆಯದು ನಮ್ಮ ನಿಮ್ಮ ಮಾತು. ಜಾಲದಲ್ಲಿ ಬರೆಯುವವರು ತಾವು ಬರೆದುದರ ಪ್ರತಿಯನ್ನು ಆಗಾಗ ಇಳಿಸಿಕೊಂಡು ಎರಡು ಕಡೆ ಇಡಬೇಕು. ಬೆಳೆಗಾರರ ಗುಂಪಿಗೆ ಒಬ್ಬರಲ್ಲ, ಇಬ್ಬರು ಮೂವರು ಅಡ್ಮಿನ್ನುಗಳಿರಬೇಕು. ಹಂಗಾಮು ಮುಗಿದ ಮೇಲೆ ಆ ವರ್ಷ ರೋಗದ ವಿಷಯದಲ್ಲಿ ಕಲಿತುದನ್ನು ಯಾರಾದರೊಬ್ಬರು, ಹೇಳಿದವರ ಒಪ್ಪಿಗೆಯಿಂದ ಅವರ ಹೆಸರಿನ ಸಮೇತ ಬರೆದು, ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ತೋಟಗಾರಿಕೆಯ ಕಾಲೇಜಿಗೂ ಒಂದೊಂದು ಪ್ರತಿ ಕೊಡಬೇಕು. ಎಲ್ಲ ಮಾತನ್ನೂ ಉಳಿಸಬೇಕೆಂಬುದು ನನ್ನ ವಾದವಲ್ಲ. ಆತ್ಮೀಯರ ನಡುವಿನ ಸುಖದುಃಖದ ಮಾತಿಗೆ ಮರೆಯಾಗುವ ಹಕ್ಕುಂಟು. ಊರಿಗೆ ಉಪಕಾರವಾಗಲೆಂದು ಆಡಿದ ಮಾತಿಗಾದರೋ ಉಳಿಯುವ ಹಕ್ಕಿದೆ; ಅದನ್ನು ಉಳಿಸುವುದು ಕೇಳಿದವರ ಋಣ.

ಜಾಲಗಳು ಇನ್ನೂ ಹುಟ್ಟುತ್ತವೆ, ಇನ್ನೂ ಮುಚ್ಚುತ್ತವೆ. ನಮ್ಮ ಮಕ್ಕಳು ನಾವು ಹೆಸರು ಕೇಳಿರದ ನೆಲೆಗಳಲ್ಲಿ ಕನ್ನಡದಲ್ಲಿ ಮಾತನಾಡುವರು. ಅವರು ಎಲ್ಲಿಗೆ ಹೋಗುವರೆಂಬುದನ್ನು ನಿರ್ಧರಿಸುವ ಶಕ್ತಿ ನಮಗಿಲ್ಲ. ಹೋಗುವಾಗ ಅವರ ಕೈಯಲ್ಲಿ ಏನಿರಬೇಕೆಂಬುದನ್ನು ಮಾತ್ರ ನಾವು ಇಂದೇ ಸಿದ್ಧಪಡಿಸಬಹುದು: ತಮ್ಮದೇ ಆದ ಹೆಸರು, ತಾವು ಆಡಿದ ಮಾತಿನ ಪ್ರತಿ, ಉಳಿದ ಕನ್ನಡಿಗರ ಮನೆಗೆ ದಾರಿ. ಇವನ್ನು ಕೊಟ್ಟ ತಲೆಮಾರು ತನ್ನ ಕರ್ತವ್ಯವನ್ನು ಮಾಡಿದಂತಾಗುತ್ತದೆ. ಕೊಡದ ತಲೆಮಾರಿನ ಮಾತನ್ನು ಹುಡುಕಿಕೊಂಡು ಬರಲು ಮುಂದೆ ಎಂಥ ಹಳಕಟ್ಟಿ ಹುಟ್ಟಿ ಬಂದರೂ ಅವರಿಗೆ ಯಾವ ಮನೆಯಲ್ಲಿಯೂ ಒಂದು ಕಟ್ಟೂ ಸಿಗದು.